ಅಮೆರಿಕದಲ್ಲಿ ಕಾಸು ಕೊಡದೆ ಟ್ಯಾಕ್ಸ್ ರಿಟರ್ನ್: ವೀಟಾ ಕೇಂದ್ರಕ್ಕೆ ಹೋಗುವ ಮುನ್ನ, ಹೋದಾಗ, ಬಂದ ಮೇಲೆ

ಗ್ಯಾಸ್ ಸ್ಟೇಷನ್ ಕೌಂಟರ್, ಮೋಟೆಲ್, ದಿನಸಿ ಅಂಗಡಿ, ಗೋದಾಮು, ಊಬರ್. ಅಮೆರಿಕದಲ್ಲಿ ಇಂಥ ಕಡೆ ದುಡಿಯುವ ಕುಟುಂಬಗಳು ಜನವರಿ ಕೊನೆಯಲ್ಲಿ ಡಬ್ಲ್ಯೂ-2 (ವರ್ಷದ ಸಂಬಳ, ಮುರಿದುಕೊಂಡ ತೆರಿಗೆ ತೋರಿಸಿ ಮಾಲೀಕರು ಕೊಡುವ ಫಾರ್ಮ್) ಕೈಗೆ ಬಂದ ಕೂಡಲೇ ಹತ್ತಿರದ ಟ್ಯಾಕ್ಸ್ ಅಂಗಡಿಗೆ ಓಡುತ್ತವೆ. ಅಲ್ಲಿ ನೂರಾರು ಡಾಲರ್ ಫೀಸು ರಿಫಂಡಿನಿಂದಲೇ ಮುರಿದುಕೊಳ್ಳಲಾಗುತ್ತದೆ. ಅದೇ ಕೆಲಸವನ್ನು ಬಿಡಿಗಾಸು ಪಡೆಯದೆ ಮಾಡಿಕೊಡುವ ವ್ಯವಸ್ಥೆಯೊಂದು ಐವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದೆ. ಹೆಸರು ವಾಲಂಟಿಯರ್ ಇನ್‌ಕಮ್ ಟ್ಯಾಕ್ಸ್ ಅಸಿಸ್ಟೆನ್ಸ್, ಬಾಯಿಮಾತಿನಲ್ಲಿ ವೀಟಾ. ಲೈಬ್ರರಿ, ಕಮ್ಯುನಿಟಿ ಕಾಲೇಜು, ಚರ್ಚಿನ ಹಾಲ್‌ಗಳಲ್ಲಿ ಮೇಜು ಹಾಕಿಕೊಂಡು ಕೂರುವ ಸ್ವಯಂಸೇವಕರು ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ಪರೀಕ್ಷೆ ಪಾಸು ಮಾಡಿದವರು. ಒಬ್ಬರು ತಯಾರಿಸಿದ ರಿಟರ್ನನ್ನು ಇನ್ನೊಬ್ಬರು ಪರಿಶೀಲಿಸದೆ ಕಳಿಸುವಂತಿಲ್ಲ ಎಂಬುದು ಅಲ್ಲಿನ ಕಡ್ಡಾಯ ನಿಯಮ. ದುಡ್ಡು ತೆಗೆದುಕೊಳ್ಳುವ ಎಷ್ಟೋ ಕಡೆ ಈ ಎರಡನೇ ಕಣ್ಣು ಇರುವುದಿಲ್ಲ.

ಆದರೆ ಬಿಟ್ಟಿ ಸಿಗುತ್ತದೆ ಎಂದು ಕೈಬೀಸಿಕೊಂಡು ಹೋದರೆ ಕೈಬೀಸಿಕೊಂಡೇ ವಾಪಸ್ ಬರಬೇಕಾಗುತ್ತದೆ. ರಿಟರ್ನ್ ಸರಿಯಾಗುವುದು ಅಲ್ಲಿನ ಕಂಪ್ಯೂಟರ್ ಮುಂದಲ್ಲ, ಹಿಂದಿನ ರಾತ್ರಿ ನಿಮ್ಮ ಅಡುಗೆಮನೆಯ ಮೇಜಿನ ಮೇಲೆ.

ಯಾರಿಗೆ ಸಿಗುತ್ತದೆ

2025ರ ಸೀಸನ್‌ನಲ್ಲಿ ಐಆರ್‌ಎಸ್ ಹೇಳಿದ ಆದಾಯ ಮಿತಿ ಸುಮಾರು 67,000 ಡಾಲರ್. ಇದು ವರ್ಷ ವರ್ಷ ಸ್ವಲ್ಪ ಏರುತ್ತದೆ, ಕೆಲವು ಕೇಂದ್ರಗಳು ತಮ್ಮದೇ ಮಿತಿ ಇಟ್ಟುಕೊಂಡಿರುತ್ತವೆ. ಅಂಗವಿಕಲರಿಗೆ, ಇಂಗ್ಲಿಷ್ ಸರಿಯಾಗಿ ಬಾರದವರಿಗೂ ಈ ಸೇವೆ ಇದೆ. 60 ದಾಟಿದವರಿಗೆ ಇದರದೇ ಜೋಡಿ ಕಾರ್ಯಕ್ರಮ ಟಿಸಿಇ (ಟ್ಯಾಕ್ಸ್ ಕೌನ್ಸೆಲಿಂಗ್ ಫಾರ್ ದಿ ಎಲ್ಡರ್ಲಿ). ಎಎಆರ್‌ಪಿ ಫೌಂಡೇಶನ್‌ನ ಟ್ಯಾಕ್ಸ್-ಏಡ್ ಕೇಂದ್ರಗಳು ಇದರಡಿ ನಡೆಯುತ್ತವೆ. ಗ್ರೀನ್ ಕಾರ್ಡ್ ಮೇಲೆ ಮಗನ ಮನೆಯಲ್ಲಿದ್ದು ಅರೆಕಾಲಿಕ ಕೆಲಸ ಮಾಡುವ ಅಪ್ಪ-ಅಮ್ಮನಿಗೆ ಇದೇ ಅನುಕೂಲ.

ಎಲ್ಲ ಬಗೆಯ ರಿಟರ್ನನ್ನೂ ವೀಟಾ ಮುಟ್ಟುವುದಿಲ್ಲ. ಮನೆ ಬಾಡಿಗೆ ಆದಾಯ, ನಷ್ಟ ತೋರಿಸುವ ಸ್ವಂತ ವ್ಯಾಪಾರ, ಡಿಪ್ರಿಸಿಯೇಶನ್ (ಸಾಮಾನಿನ ಸವಕಳಿ ಲೆಕ್ಕ), ಅಂಗಡಿಯ ಸರಕು ಲೆಕ್ಕ, ವ್ಯವಸಾಯದ ಆದಾಯ ಇವೆಲ್ಲ ಅದರ ವ್ಯಾಪ್ತಿಗೆ ಹೊರಗೆ. ಎಫ್-1 ವೀಸಾದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ತೆರಿಗೆಯ ಲೆಕ್ಕದಲ್ಲಿ ಅನಿವಾಸಿ, ಅಂದರೆ ನಾನ್‌ರೆಸಿಡೆಂಟ್. ಅವರು ತುಂಬಬೇಕಾದದ್ದು ನಾನ್‌ರೆಸಿಡೆಂಟ್‌ಗಳ ರಿಟರ್ನ್ ಫಾರ್ಮ್ 1040-ಎನ್‌ಆರ್. ಅದಕ್ಕೆ ಬೇರೆ ಪರೀಕ್ಷೆ ಪಾಸಾದ ಸ್ವಯಂಸೇವಕರು ಬೇಕು, ಅಂಥವರು ಹೆಚ್ಚಾಗಿ ಯೂನಿವರ್ಸಿಟಿ ಕ್ಯಾಂಪಸ್ಸಿನ ಕೇಂದ್ರಗಳಲ್ಲಿ ಸಿಗುತ್ತಾರೆ. ನಾನ್‌ರೆಸಿಡೆಂಟ್‌ಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಹಾಕುವ ಮುನ್ನ ಆದಾಯದಿಂದ ಕಳೆಯುವ ನಿಗದಿತ ಮೊತ್ತ) ಇಲ್ಲ ಎಂಬುದು ಸಾಮಾನ್ಯ ನಿಯಮವಾದರೂ ಭಾರತದ ವಿದ್ಯಾರ್ಥಿಗಳಿಗೆ ಭಾರತ-ಅಮೆರಿಕ ತೆರಿಗೆ ಒಪ್ಪಂದದ 21(2)ನೇ ವಿಧಿ ಅದನ್ನು ಕೊಡುತ್ತದೆ. ಈ ವಿಧಿ ಗೊತ್ತಿಲ್ಲದ ಪ್ರಿಪೇರರ್ (ಕಾಸಿಗೆ ರಿಟರ್ನ್ ತುಂಬಿಕೊಡುವವರು) ಕೈಗೆ ಸಿಕ್ಕಿ ಇದನ್ನು ಕಳೆದುಕೊಂಡವರೂ ಇದ್ದಾರೆ, ನಾನ್‌ರೆಸಿಡೆಂಟ್ ಆಗಿದ್ದೂ ರೆಸಿಡೆಂಟ್‌ಗಳ ಸಾದಾ 1040 ತುಂಬಿ ಮುಂದೆ ವೀಸಾ ಕಾಲಕ್ಕೆ ತಲೆಬಿಸಿ ಮಾಡಿಕೊಂಡವರೂ ಇದ್ದಾರೆ.

ರಿಫಂಡ್ ಎಷ್ಟು ಬರಬಹುದು

ಗಂಡ-ಹೆಂಡತಿ, ಇಬ್ಬರು ಮಕ್ಕಳು. ನಾಲ್ವರಿಗೂ ಸೋಶಿಯಲ್ ಸೆಕ್ಯುರಿಟಿ ನಂಬರ್ ಇದೆ. 2025ರಲ್ಲಿ ಇಬ್ಬರ ಸಂಬಳ ಸೇರಿ 38,000 ಡಾಲರ್, ಬೇರೆ ಆದಾಯ ಇಲ್ಲ. ಜಂಟಿ ರಿಟರ್ನಿನ ಸ್ಟ್ಯಾಂಡರ್ಡ್ ಡಿಡಕ್ಷನ್ 31,500 ಕಳೆದರೆ ತೆರಿಗೆ ಬೀಳುವ ಆದಾಯ 6,500. ತೆರಿಗೆ ಸುಮಾರು 650. ಮಗುವಿಗೆ 2,200ರಂತೆ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ ಆ ತೆರಿಗೆಯನ್ನು ಪೂರ್ತಿ ಅಳಿಸುತ್ತದೆ. ಉಳಿದದ್ದರಲ್ಲಿ ಮಗುವಿಗೆ ಗರಿಷ್ಠ 1,700ರಂತೆ 3,400 ಡಾಲರ್ ನಗದಾಗಿ ವಾಪಸ್ ಬರುತ್ತದೆ. ಇದರ ಮೇಲೆ ಅರ್ನ್ಡ್ ಇನ್‌ಕಮ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಕಡಿಮೆ ಆದಾಯದಲ್ಲಿ ದುಡಿಯುವವರಿಗೆ ಸಿಗುವ ಇಐಟಿಸಿ, ಸುಮಾರು 5,560. ಸಂಬಳದಿಂದ ಮುರಿದುಕೊಂಡ ಫೆಡರಲ್ ತೆರಿಗೆಯೂ ಸೇರಿ ಒಟ್ಟು ರಿಫಂಡ್ ಸುಲಭವಾಗಿ ಒಂಬತ್ತು ಸಾವಿರ ಡಾಲರ್ ಆಸುಪಾಸು. ಅಂದರೆ ಮೂರು ತಿಂಗಳ ಸಂಬಳದಷ್ಟು.

ಇಐಟಿಸಿಗೆ 2025ರ ಗರಿಷ್ಠ ಮೊತ್ತ ಮಕ್ಕಳಿಲ್ಲದವರಿಗೆ 649, ಒಂದು ಮಗುವಿಗೆ 4,328, ಎರಡಕ್ಕೆ 7,152, ಮೂರು ಅಥವಾ ಹೆಚ್ಚಿಗೆ 8,046 ಡಾಲರ್. ಮೂರು ಮಕ್ಕಳ ಜಂಟಿ ರಿಟರ್ನಿನಲ್ಲಿ ಆದಾಯ 68,675 ಮುಟ್ಟುವ ಹೊತ್ತಿಗೆ ಅದು ಸೊನ್ನೆಗೆ ಇಳಿಯುತ್ತದೆ. ಬಡ್ಡಿ, ಡಿವಿಡೆಂಡ್‌ನಂಥ ಹೂಡಿಕೆ ಆದಾಯ 11,950 ದಾಟಿದರೂ ಇಲ್ಲ.

ನಮ್ಮವರು ಎಡವುವುದು ಸೋಶಿಯಲ್ ಸೆಕ್ಯುರಿಟಿ ನಂಬರ್ ವಿಷಯದಲ್ಲಿ. ಹೆಚ್-4 (ಅವಲಂಬಿತರ ವೀಸಾ) ಮೇಲಿರುವ ಹೆಂಡತಿಗೆ ಆ ನಂಬರ್ ಇಲ್ಲದೆ ಐಟಿನ್ (ಅದು ಸಿಗದವರಿಗೆ ಐಆರ್‌ಎಸ್ ಕೊಡುವ ತೆರಿಗೆ ನಂಬರ್) ಮಾತ್ರ ಇದ್ದು ಜಂಟಿಯಾಗಿ ಫೈಲ್ ಮಾಡಿದರೆ ಇಡೀ ಕುಟುಂಬಕ್ಕೇ ಇಐಟಿಸಿ ಸಿಗುವುದಿಲ್ಲ, ಮಕ್ಕಳು ಅಮೆರಿಕದ ಪ್ರಜೆಗಳಾಗಿದ್ದರೂ ಸಹ. ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್‌ಗೆ ಮಗುವಿಗೂ ತಂದೆ-ತಾಯಿಯಲ್ಲಿ ಒಬ್ಬರಿಗೂ ನಂಬರ್ ಇದ್ದರೆ ಸಾಕು. ‘ಡಿಹೆಚ್‌ಎಸ್ (ಗೃಹಭದ್ರತಾ ಇಲಾಖೆ) ಅನುಮತಿ ಇದ್ದರೆ ಮಾತ್ರ ಕೆಲಸಕ್ಕೆ ಸಲ್ಲುತ್ತದೆ’ ಎಂಬ ಅರ್ಥದ ಸಾಲು ಸೋಶಿಯಲ್ ಸೆಕ್ಯುರಿಟಿ ಕಾರ್ಡಿನ ಮೇಲಿದ್ದರೆ ಹೆದರಬೇಕಿಲ್ಲ. ಅನುಮತಿ ಜಾರಿಯಲ್ಲಿದ್ದರೆ ಇಐಟಿಸಿಗೆ ಅದು ನಡೆಯುತ್ತದೆ. ಹೆಂಡತಿಗೆ ಇಎಡಿ (ಕೆಲಸದ ಅನುಮತಿ ಕಾರ್ಡ್) ಬಂದು ಹೊಸ ನಂಬರ್ ಸಿಗುವ ಹಾದಿಯಲ್ಲಿದ್ದರೆ ಆತುರ ಬೇಡ. ರಿಟರ್ನಿನ ಕೊನೆ ದಿನದೊಳಗೆ (ಎಕ್ಸ್‌ಟೆನ್ಶನ್, ಅಂದರೆ ಹೆಚ್ಚುವರಿ ಗಡುವು ತೆಗೆದುಕೊಂಡಿದ್ದರೆ ಆ ದಿನದೊಳಗೆ) ನಂಬರ್ ಮಂಜೂರಾಗಿರಬೇಕು. ಆಮೇಲೆ ಸಿಕ್ಕ ನಂಬರ್ ಇಟ್ಟುಕೊಂಡು ಹಳೆಯ ವರ್ಷ ತಿದ್ದಿ ಕೇಳಲು ಬರುವುದಿಲ್ಲ.

ಹೆಜ್ಜೆ 1: ಕೇಂದ್ರ ಹುಡುಕಿ, ಫೋನ್ ಮಾಡಿ

ಐಆರ್‌ಎಸ್ ವೆಬ್‌ಸೈಟಿನಲ್ಲಿ ಜಿಪ್ ಕೋಡ್ ಹಾಕಿ ಹುಡುಕುವ ಸೌಲಭ್ಯ ಇದೆ. ಇಲ್ಲವೇ 800-906-9887ಕ್ಕೆ ಕರೆ ಮಾಡಬಹುದು. ಟ್ಯಾಕ್ಸ್-ಏಡ್‌ಗೆ 888-227-7669. ಹೆಚ್ಚಿನ ಕೇಂದ್ರಗಳು ಜನವರಿ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ಮಾತ್ರ ತೆರೆದಿರುತ್ತವೆ. ಫೆಬ್ರವರಿ ಮೊದಲ ಎರಡು ವಾರ ಮತ್ತು ಏಪ್ರಿಲ್ ಮೊದಲ ಎರಡು ವಾರ ಜನಜಂಗುಳಿ, ಮಾರ್ಚ್ ಆರಾಮ.

ಫೋನಿನಲ್ಲಿ ನಾಲ್ಕು ವಿಷಯ ಕೇಳಿ. ಅಪಾಯಿಂಟ್‌ಮೆಂಟ್ ಬೇಕೇ, ನೇರ ಬರಬಹುದೇ? ಕಾಗದ ಕೊಟ್ಟುಹೋಗಿ ವಾರದ ಬಳಿಕ ಬರುವ ಡ್ರಾಪ್-ಆಫ್ ಪದ್ಧತಿಯೇ, ಎದುರೇ ಕೂತು ಮಾಡುವುದೇ? ಊಬರ್, ಡೋರ್‌ಡ್ಯಾಶ್‌ನಂಥ 1099 ಆದಾಯದ (ಸಂಬಳವಲ್ಲದ, 1099 ಫಾರ್ಮಿನಲ್ಲಿ ತೋರಿಸುವ ದುಡಿಮೆ) ರಿಟರ್ನ್ ಮಾಡಿಕೊಡುತ್ತಾರೆಯೇ? ಐಟಿನ್ ಅರ್ಜಿಗೆ ನೆರವಾಗುತ್ತಾರೆಯೇ? ಕೊನೆಯ ಎರಡಕ್ಕೆ ಎಲ್ಲ ಕಡೆ ಹೌದು ಎಂಬ ಉತ್ತರ ಸಿಗುವುದಿಲ್ಲ. ಮನೆಯ ಹಿರಿಯರು ಕನ್ನಡದಲ್ಲೇ ಮಾತಾಡಬೇಕಿದ್ದರೆ ಫೋನ್ ಮೂಲಕ ದುಭಾಷಿ ಒದಗಿಸುತ್ತಾರೆಯೇ ಎಂದು ಅಪಾಯಿಂಟ್‌ಮೆಂಟ್ ಮಾಡುವಾಗಲೇ ವಿಚಾರಿಸಿ. ಐಆರ್‌ಎಸ್ ಪತ್ರವ್ಯವಹಾರದ ಭಾಷೆ ಆರಿಸುವ ಶೆಡ್ಯೂಲ್ ಎಲ್‌ಇಪಿಯಲ್ಲಿ ಗುಜರಾತಿ, ಪಂಜಾಬಿ, ಬಂಗಾಳಿ ಇವೆ, ಕನ್ನಡ ಇಲ್ಲ. ಹಾಗಾಗಿ ಮನೆಯಲ್ಲಿ ಇಂಗ್ಲಿಷ್ ಬಲ್ಲ ಯಾರಾದರೂ ಜೊತೆಗಿದ್ದರೆ ಕೆಲಸ ಹಗುರ.

ಹೆಜ್ಜೆ 2: ಕಾಗದಪತ್ರ

ಒಂದೇ ಫೋಲ್ಡರ್‌ನಲ್ಲಿ ಇವೆಲ್ಲ ಇರಲಿ:

- ಗಂಡ-ಹೆಂಡತಿ ಇಬ್ಬರ ಫೋಟೋ ಐಡಿ
- ಮನೆಯ ಪ್ರತಿಯೊಬ್ಬರ ಸೋಶಿಯಲ್ ಸೆಕ್ಯುರಿಟಿ ಕಾರ್ಡ್ ಅಥವಾ ಐಟಿನ್ ಪತ್ರ, ಹುಟ್ಟಿದ ದಿನಾಂಕ. ನಂಬರ್ ನೆನಪಿದೆ ಎಂದರೆ ಸಾಲದು
- ಎಲ್ಲ ಡಬ್ಲ್ಯೂ-2, ಎರಡೇ ವಾರ ಮಾಡಿ ಬಿಟ್ಟ ಕೆಲಸದ್ದೂ
- ಬ್ಯಾಂಕ್ ಬಡ್ಡಿಯ 1099-ಐಎನ್‌ಟಿ, ನಿರುದ್ಯೋಗ ಭತ್ಯೆಯ 1099-ಜಿ, ಗಿಗ್ ಕೆಲಸದ 1099-ಎನ್‌ಇಸಿ ಮತ್ತು 1099-ಕೆ
- ಹೆಲ್ತ್‌ಕೇರ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಸಬ್ಸಿಡಿ ವಿಮೆ ತೆಗೆದುಕೊಂಡಿದ್ದರೆ 1095-ಎ
- ಕಾಲೇಜಿಗೆ ಹೋದವರಿದ್ದರೆ 1098-ಟಿ, ಜೊತೆಗೆ ಕಟ್ಟಿದ ಫೀಸಿನ ವಿವರ
- ಡೇಕೇರ್‌ಗೆ ಕೊಟ್ಟ ಹಣ, ಡೇಕೇರ್‌ನವರ ವಿಳಾಸ ಮತ್ತು ತೆರಿಗೆ ನಂಬರ್
- ಖಾಲಿ ಚೆಕ್ ಹಾಳೆ, ರೂಟಿಂಗ್ ಮತ್ತು ಖಾತೆ ನಂಬರ್‌ಗಾಗಿ
- ಹಿಂದಿನ ವರ್ಷದ ರಿಟರ್ನಿನ ಪ್ರತಿ

1095-ಎ ಬಗ್ಗೆ ಎಚ್ಚರ. ಇದನ್ನು ಬಿಟ್ಟು ಇ-ಫೈಲ್ ಮಾಡಿದರೆ ಸಬ್ಸಿಡಿ ಪಡೆದದ್ದು ಐಆರ್‌ಎಸ್‌ಗೆ ಗೊತ್ತಿರುವುದರಿಂದ ರಿಟರ್ನ್ ತಿರಸ್ಕೃತವಾಗುತ್ತದೆ. ಪೋಸ್ಟ್‌ನಲ್ಲಿ ಬಂದಿಲ್ಲವಾದರೆ ಮಾರ್ಕೆಟ್‌ಪ್ಲೇಸ್ ಖಾತೆಗೆ ಲಾಗಿನ್ ಆಗಿ ಡೌನ್‌ಲೋಡ್ ಮಾಡಿಕೊಳ್ಳಬಹುದು.

ಡಬ್ಲ್ಯೂ-2 ಬಂದಿಲ್ಲ ಎಂದು ಕೊನೆಯ ಪೇ ಸ್ಟಬ್ ಹಿಡಿದುಕೊಂಡು ಹೋಗಬೇಡಿ, ಅದರ ಮೇಲೆ ರಿಟರ್ನ್ ಕಳಿಸುವುದಿಲ್ಲ. ಮೊದಲು ಮಾಲೀಕರನ್ನು ಕೇಳಿ. ಫೆಬ್ರವರಿ ಮುಗಿದರೂ ಬರದಿದ್ದರೆ ಐಆರ್‌ಎಸ್‌ಗೆ 800-829-1040ರಲ್ಲಿ ತಿಳಿಸಿ. ಆದರೆ ಡಬ್ಲ್ಯೂ-2 ಇದ್ದರೂ ಡಿಸೆಂಬರ್‌ನ ಕೊನೆಯ ಪೇ ಸ್ಟಬ್ಬನ್ನು ಜೊತೆಗೆ ಇಟ್ಟುಕೊಳ್ಳಿ, ಅದಕ್ಕೆ ಬೇರೆ ಕಾರಣ ಇದೆ. 2025ರಿಂದ 2028ರವರೆಗೆ ಟಿಪ್ಸ್ ಮತ್ತು ಓವರ್‌ಟೈಮ್‌ಗೆ ಹೊಸ ಡಿಡಕ್ಷನ್ ಬಂದಿದೆ. ಓವರ್‌ಟೈಮ್‌ನಲ್ಲಿ ಕಳೆಯಲು ಸಿಗುವುದು ಒಂದೂವರೆ ಪಟ್ಟಿನ ಆ ಅರ್ಧ ಭಾಗ ಮಾತ್ರ: ಒಂದೂವರೆ ದರದಲ್ಲಿ ಒಟ್ಟು 3,000 ಡಾಲರ್ ಓವರ್‌ಟೈಮ್ ಬಂದಿದ್ದರೆ ಕಳೆಯಬಹುದಾದ್ದು 1,000. 2025ಕ್ಕೆ ಮಾಲೀಕರು ಇದನ್ನು ಡಬ್ಲ್ಯೂ-2ನಲ್ಲಿ ಬೇರೆಯಾಗಿ ತೋರಿಸಲೇಬೇಕು ಎಂದಿಲ್ಲ. ಹಾಗಾಗಿ ಲೆಕ್ಕಕ್ಕೆ ಪೇ ಸ್ಟಬ್ಬೇ ಆಧಾರ.

ಡೇಕೇರ್ ಕ್ರೆಡಿಟ್ ಸಿಗುವುದು ಸಾಮಾನ್ಯವಾಗಿ ಗಂಡ-ಹೆಂಡತಿ ಇಬ್ಬರೂ ದುಡಿಯುತ್ತಿದ್ದರೆ, ಕೆಲಸ ಹುಡುಕುತ್ತಿದ್ದರೆ ಅಥವಾ ಪೂರ್ಣಾವಧಿ ಓದುತ್ತಿದ್ದರೆ ಮಾತ್ರ. ಪರಿಚಯದವರ ಮನೆಯಲ್ಲಿ ಮಗುವನ್ನು ಬಿಟ್ಟು ಕೈಯಲ್ಲಿ ನಗದು ಕೊಡುವ ರೂಢಿ ನಮ್ಮಲ್ಲಿ ಬಹಳ. ಅವರು ತಮ್ಮ ನಂಬರ್ ಕೊಡಲು ಒಪ್ಪದಿದ್ದರೆ ಕ್ರೆಡಿಟ್ ಪಡೆಯುವುದು ಕಷ್ಟ. ಇದನ್ನು ಏಪ್ರಿಲ್‌ನಲ್ಲಿ ಕೇಳಿ ಮುಖ ಕೆಡಿಸಿಕೊಳ್ಳುವ ಬದಲು ಮಗುವನ್ನು ಬಿಡುವ ಮೊದಲ ದಿನವೇ ಮಾತಾಡಿಕೊಳ್ಳಿ.

ಹೆಜ್ಜೆ 3: ಹೆಸರು ತಾಳೆ ನೋಡಿ

ಇದೊಂದು ಕನ್ನಡಿಗರಿಗೇ ಅಂಟಿದ ತಲೆನೋವು. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಬರುವ ನಮ್ಮ ಪದ್ಧತಿ ಅಮೆರಿಕದ ಫಾರ್ಮಿನಲ್ಲಿ ಕೂರುವುದಿಲ್ಲ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರಿಗೆ ವೀಸಾದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಬಿದ್ದಿರುತ್ತದೆ. ಸೋಶಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಒಂದು ರೀತಿ, ಡಬ್ಲ್ಯೂ-2ನಲ್ಲಿ ಇನ್ನೊಂದು ರೀತಿ.

ಇ-ಫೈಲ್ ಆದ ರಿಟರ್ನನ್ನು ಐಆರ್‌ಎಸ್ ಕಂಪ್ಯೂಟರ್ ಪರೀಕ್ಷಿಸುವುದು ನಂಬರ್ ಮತ್ತು ಕೊನೆಯ ಹೆಸರಿನ ಮೊದಲ ನಾಲ್ಕು ಅಕ್ಷರ ಜೋಡಿಸಿ. ಕಾರ್ಡಿನಲ್ಲಿ ಕೊನೆಯ ಹೆಸರು ‘ಶಿವಣ್ಣ’ ಎಂದಿದ್ದು ರಿಟರ್ನಿನಲ್ಲಿ ಅಡ್ಡಹೆಸರಿನ ಜಾಗಕ್ಕೆ ‘ಮಂಜುನಾಥ’ ಹಾಕಿದರೆ ಅದು ಕೆಲವೇ ಹೊತ್ತಿನಲ್ಲಿ ವಾಪಸ್ ಬರುತ್ತದೆ. ನಿಯಮ ಸರಳ: ಕಾರ್ಡಿನಲ್ಲಿ ಹೇಗಿದೆಯೋ ಹಾಗೇ, ಅದೇ ಕ್ರಮದಲ್ಲಿ. ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಿಕೊಂಡು ಕಾರ್ಡ್ ಬದಲಿಸದ ಹೆಂಗಸರೂ ಹಳೆಯ ಹೆಸರಿನಲ್ಲೇ ಫೈಲ್ ಮಾಡಬೇಕು.

ಹೆಜ್ಜೆ 4: 13614-ಸಿ, ಪ್ರಶ್ನೆಪತ್ರಿಕೆ

ಕೇಂದ್ರಕ್ಕೆ ಕಾಲಿಟ್ಟ ಕೂಡಲೇ ಕೈಗೆ ಕೊಡುವ ಫಾರ್ಮ್ ಇದು. ಮನೆಯಲ್ಲೇ ಪ್ರಿಂಟ್ ತೆಗೆದು ತುಂಬಿಕೊಂಡು ಹೋದರೆ ಸರದಿ ಬೇಗ ಬರುತ್ತದೆ. ಸ್ವಯಂಸೇವಕರು ಇದನ್ನು ಮುಂದಿಟ್ಟುಕೊಂಡೇ ಪ್ರಶ್ನೆ ಕೇಳುವುದರಿಂದ ಇದರಲ್ಲಿನ ತಪ್ಪು ಹಾಗೇ ರಿಟರ್ನಿಗೆ ಇಳಿಯುತ್ತದೆ. ಮೂರು ಕಡೆ ನಿಂತು ಯೋಚಿಸಿ.

ಮೊದಲನೆಯದು ವೈವಾಹಿಕ ಸ್ಥಿತಿ. ಹೆಂಡತಿ ಹಾಸನದಲ್ಲಿದ್ದಾಳೆ, ಇಲ್ಲಿ ನಾನೊಬ್ಬನೇ ಎಂದು ‘ಸಿಂಗಲ್’ ಗುರುತು ಹಾಕುವಂತಿಲ್ಲ. ಡಿಸೆಂಬರ್ 31ಕ್ಕೆ ಮದುವೆಯಾಗಿದ್ದರೆ ಮದುವೆಯಾದವರೇ. ಆಗ ಪ್ರತ್ಯೇಕವಾಗಿ ಫೈಲ್ ಮಾಡಬಹುದು, ಇಲ್ಲವೇ ಹೆಂಡತಿಯನ್ನೂ ರೆಸಿಡೆಂಟ್ ಎಂದು ಪರಿಗಣಿಸುವ ಆಯ್ಕೆ ಬರೆದುಕೊಟ್ಟು ಐಟಿನ್ ಅರ್ಜಿಯೊಂದಿಗೆ ಜಂಟಿಯಾಗಿ ಮಾಡಬಹುದು. ಎರಡನೆಯದರಲ್ಲಿ ತೆರಿಗೆ ಸಾಮಾನ್ಯವಾಗಿ ಕಡಿಮೆ, ಆದರೆ ಅವಳಿಗೆ ಊರಿನಲ್ಲಿರುವ ಆದಾಯವನ್ನೂ ತೋರಿಸಬೇಕಾಗುತ್ತದೆ.

ಎರಡನೆಯದು ಮನೆಯಲ್ಲಿ ಯಾರು ಎಷ್ಟು ತಿಂಗಳು ಇದ್ದರು ಎಂಬ ಕೋಷ್ಟಕ. ಊರಿನಲ್ಲಿರುವ ಅಪ್ಪ-ಅಮ್ಮನಿಗೆ ತಿಂಗಳು ತಿಂಗಳು ಹಣ ಕಳಿಸಿದರೂ ಅವರನ್ನು ಅವಲಂಬಿತರೆಂದು ತೋರಿಸಲು ಆಗದು. ಅವಲಂಬಿತರು ಅಮೆರಿಕದ ಪ್ರಜೆ ಅಥವಾ ಅಮೆರಿಕ, ಕೆನಡಾ, ಮೆಕ್ಸಿಕೋ ನಿವಾಸಿ ಆಗಿರಬೇಕು. ಮಕ್ಕಳ ವಿಷಯ ಇನ್ನೂ ನಾಜೂಕು. ಇಬ್ಬರೂ ಶಿಫ್ಟ್ ಕೆಲಸದಲ್ಲಿದ್ದು, ಇಲ್ಲೇ ಹುಟ್ಟಿದ ಮಗುವನ್ನು ಮೈಸೂರಿನ ಅಜ್ಜಿಮನೆಯಲ್ಲಿಟ್ಟು ಬೆಳೆಸುತ್ತಿದ್ದರೆ ಆ ವರ್ಷ ಇಐಟಿಸಿ ಇಲ್ಲ. ಮಗು ಅರ್ಧ ವರ್ಷಕ್ಕಿಂತ ಹೆಚ್ಚು ಅಮೆರಿಕದಲ್ಲಿ ನಿಮ್ಮ ಜೊತೆ ಇದ್ದಿರಬೇಕು. ಬೇಸಿಗೆ ರಜೆಗೆ ಹೋಗಿ ಬಂದದ್ದು ಬೇರೆ, ಅದನ್ನು ತಾತ್ಕಾಲಿಕ ಗೈರು ಎಂದೇ ಎಣಿಸುತ್ತಾರೆ. ವಿಳಾಸ ಇರುವ ಶಾಲೆಯ ಪತ್ರ, ಡಾಕ್ಟರ್ ದಾಖಲೆ ಎತ್ತಿಟ್ಟಿರಿ. ಅಜಾಗರೂಕತೆಯಿಂದ ತಪ್ಪಾಗಿ ಇಐಟಿಸಿ ಕೇಳಿದರೆ 2 ವರ್ಷ, ಮೋಸವೆಂದು ಸಾಬೀತಾದರೆ 10 ವರ್ಷ ಅದನ್ನು ಕೇಳುವಂತಿಲ್ಲ. ‘ಒಂದು ಮಗು ಸೇರಿಸಿಬಿಡ್ತೀನಿ ಬಿಡಿ’ ಎನ್ನುವ ಪ್ರಿಪೇರರ್ ಮುಂದಿನ ವರ್ಷ ಅಂಗಡಿ ಎತ್ತಿರುತ್ತಾನೆ, ನೋಟಿಸ್ ಬರುವುದು ನಿಮ್ಮ ಮನೆಗೆ.

ಮೂರನೆಯದು ವಿದೇಶಿ ಖಾತೆ. ಅಮೆರಿಕದ ತೆರಿಗೆ ರೆಸಿಡೆಂಟ್ ಆದವರು ಪ್ರಪಂಚದಲ್ಲೆಲ್ಲ ಬರುವ ಆದಾಯ ತೋರಿಸಬೇಕು. ಎನ್‌ಆರ್‌ಇ ಖಾತೆಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಇಲ್ಲಿ ಇದೆ. ಎಫ್‌ಡಿ ಬಡ್ಡಿ ಹಾಗೇ. ಅಡಿಕೆ ತೋಟದ ಪಾಲಿಗೆ ಊರಿನಲ್ಲಿ ಕೃಷಿ ಆದಾಯವೆಂಬ ವಿನಾಯಿತಿ ಇರಬಹುದು, ಐಆರ್‌ಎಸ್‌ಗೆ ಆ ವಿನಾಯಿತಿ ಗೊತ್ತಿಲ್ಲ. ಜೊತೆಗೆ ಅದು ವೀಟಾ ಮಾಡಿಕೊಡುವ ಬಗೆಯ ಆದಾಯವೂ ಅಲ್ಲ. ಭಾರತದ ಮ್ಯೂಚುವಲ್ ಫಂಡ್ ಇದ್ದರೂ ಬೇರೆ ಫಾರ್ಮ್ ಬೇಕಾಗುತ್ತದೆ, ಅದನ್ನೂ ಅಲ್ಲಿ ಮಾಡುವುದಿಲ್ಲ. ಎಲ್ಲ ವಿದೇಶಿ ಖಾತೆಗಳ ಮೊತ್ತ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದ್ದರೆ ಎಫ್‌ಬಿಎಆರ್ ಎಂಬ ವರದಿಯನ್ನು ಅಮೆರಿಕದ ಖಜಾನೆ ಇಲಾಖೆಯ ಫಿನ್‌ಸೆನ್ ವೆಬ್‌ಸೈಟಿನಲ್ಲಿ ನೀವೇ ಸಲ್ಲಿಸಬೇಕು. ಅದಕ್ಕೆ ಶುಲ್ಕವಿಲ್ಲ.

ಗಿಗ್ ಕೆಲಸದವರಿಗೆ

ಊಬರ್, ಇನ್‌ಸ್ಟಾಕಾರ್ಟ್ ಓಡಿಸುವವರಿಗೆ ಖರ್ಚು ಕಳೆದು 400 ಡಾಲರ್ ಉಳಿದರೂ ರಿಟರ್ನ್ ಕಡ್ಡಾಯ, ಅದರ ಮೇಲೆ ಸುಮಾರು 15.3% ಸೆಲ್ಫ್-ಎಂಪ್ಲಾಯ್‌ಮೆಂಟ್ ತೆರಿಗೆ. ಇದನ್ನು ಇಳಿಸುವ ದೊಡ್ಡ ಅಸ್ತ್ರ ಮೈಲೇಜ್: 2025ಕ್ಕೆ ಮೈಲಿಗೆ 70 ಸೆಂಟ್. 10,000 ಮೈಲಿ ಓಡಿಸಿದ್ದರೆ 7,000 ಡಾಲರ್ ಖರ್ಚು. ಆದರೆ ಬಾಯಿಲೆಕ್ಕ ನಡೆಯದು. ದಿನಾಂಕ, ಎಲ್ಲಿಂದ ಎಲ್ಲಿಗೆ, ಎಷ್ಟು ಮೈಲಿ ಎಂಬ ಬರಹ ಬೇಕು. ಆ್ಯಪ್ ತೋರಿಸುವುದು ಹೆಚ್ಚಾಗಿ ಪ್ರಯಾಣಿಕ ಕೂತಿದ್ದಾಗಿನ ಮೈಲಿ ಮಾತ್ರ. ಮುಂದಿನ ಕರೆಗೆ ಓಡಿಸಿದ್ದು ನಿಮ್ಮ ಪುಸ್ತಕದಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೈಲಿ ದರ ಹಿಡಿದ ಮೇಲೆ ಪೆಟ್ರೋಲು, ರಿಪೇರಿ ಬೇರೆಯಾಗಿ ಕೇಳುವಂತಿಲ್ಲ. ಟೋಲ್ ಮತ್ತು ಪಾರ್ಕಿಂಗ್ ಕೇಳಬಹುದು.

ಹೆಜ್ಜೆ 5: ಮೇಜಿನ ಮುಂದೆ

ಎದುರು ಕೂತು ಮಾಡಿಸುವುದಾದರೆ ಎರಡು ಗಂಟೆ ಕೈಯಲ್ಲಿಟ್ಟುಕೊಂಡು ಹೋಗಿ. ಜಂಟಿ ರಿಟರ್ನಾದರೆ ಗಂಡ-ಹೆಂಡತಿ ಇಬ್ಬರೂ ಇರಬೇಕು, ಏಕೆಂದರೆ ಇ-ಫೈಲ್ ಒಪ್ಪಿಗೆಯ 8879 ಫಾರ್ಮಿಗೆ ಇಬ್ಬರ ಸಹಿ ಬೇಕು. ‘ಅವಳಿಗೆ ಡ್ಯೂಟಿ ಇತ್ತು’ ಎಂದು ಒಬ್ಬರೇ ಹೋಗಿ ಮತ್ತೊಂದು ಶನಿವಾರ ಕಳೆದುಕೊಳ್ಳುವವರು ಪ್ರತಿ ಕೇಂದ್ರದಲ್ಲೂ ಸಿಗುತ್ತಾರೆ. ರಾಜ್ಯದ ರಿಟರ್ನ್ ಕೂಡ ಅಲ್ಲೇ ಆಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿದ್ದು ಐಟಿನ್ ಕಾರಣಕ್ಕೆ ಫೆಡರಲ್ ಇಐಟಿಸಿ ತಪ್ಪಿದ್ದರೆ ರಾಜ್ಯದ ಕ್ಯಾಲ್‌ಇಐಟಿಸಿಗೆ ಐಟಿನ್ ನಡೆಯುತ್ತದೆ, ಕೇಳಿ.

ಸಹಿ ಹಾಕುವ ಮುನ್ನ ಪರದೆಯ ಮೇಲೆ ಅಥವಾ ಪ್ರಿಂಟ್‌ನಲ್ಲಿ ಐದು ಕಡೆ ಬೆರಳಿಟ್ಟು ಓದಿ: ಹೆಸರುಗಳು, ಎಲ್ಲರ ನಂಬರ್, ವಿಳಾಸ, ಬ್ಯಾಂಕ್ ಖಾತೆ ನಂಬರ್, ರಿಫಂಡ್ ಮೊತ್ತ. ಖಾತೆ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೆ ಹಣ ಅಲೆದಾಡುತ್ತದೆ. 2025ರ ಸೆಪ್ಟೆಂಬರ್ 30ರಿಂದ ಕಾಗದದ ರಿಫಂಡ್ ಚೆಕ್ಕುಗಳನ್ನು ಹಂತಹಂತವಾಗಿ ನಿಲ್ಲಿಸುತ್ತಿರುವುದರಿಂದ ಖಾತೆ ಇಲ್ಲದವರು ಮೊದಲು ಖಾತೆ ತೆರೆಯುವುದು ಮೇಲು. ಪ್ರಿಂಟ್ ಪ್ರತಿ ತೆಗೆದುಕೊಳ್ಳದೆ ಏಳಬೇಡಿ. ಮುಂದಿನ ವರ್ಷಕ್ಕೂ, ಅಪಾರ್ಟ್‌ಮೆಂಟ್ ಬಾಡಿಗೆಗೂ, ಗ್ರೀನ್ ಕಾರ್ಡ್ ಸ್ಪಾನ್ಸರ್ ಮಾಡುವಾಗಲೂ ಅದು ಬೇಕಾಗುತ್ತದೆ.

ವೀಟಾದಲ್ಲಿ ಯಾರೂ ಫೀಸು ಕೇಳುವುದಿಲ್ಲ, ರಿಫಂಡನ್ನು ಬೇರೆಯವರ ಖಾತೆಗೆ ಹಾಕುವುದಿಲ್ಲ. ಕೇಳಿದರೆ ಎದ್ದು ಬನ್ನಿ. ಹೊರಗಡೆ ದುಡ್ಡು ಕೊಟ್ಟು ಮಾಡಿಸುವುದಾದರೂ ಪ್ರಿಪೇರರ್ ತನ್ನ ಸಹಿ ಮತ್ತು ಪಿಟಿನ್ (ಪ್ರಿಪೇರರ್‌ಗೆ ಐಆರ್‌ಎಸ್ ಕೊಟ್ಟ ನಂಬರ್) ಹಾಕಲೇಬೇಕು. ‘ನೀವೇ ಮಾಡಿದ ಹಾಗೆ ಕಳಿಸ್ತೀನಿ’ ಎನ್ನುವವರ ಹತ್ತಿರ ನಿಲ್ಲಬೇಡಿ.

ಹೆಜ್ಜೆ 6: ಬಂದ ಮೇಲೆ

ಇ-ಫೈಲ್ ಆದ 24 ಗಂಟೆಯ ಬಳಿಕ ಐಆರ್‌ಎಸ್‌ನ ‘ವೇರ್ಸ್ ಮೈ ರಿಫಂಡ್’ ಪುಟದಲ್ಲಿ ನಂಬರ್, ಫೈಲಿಂಗ್ ಸ್ಥಿತಿ, ಡಾಲರ್ ಬಿಡದಂತೆ ರಿಫಂಡ್ ಮೊತ್ತ ಹಾಕಿ ನೋಡಬಹುದು. ಸಾಮಾನ್ಯವಾಗಿ 21 ದಿನದೊಳಗೆ ಹಣ ಬರುತ್ತದೆ. ಇಐಟಿಸಿ ಅಥವಾ ಮಕ್ಕಳ ಕ್ರೆಡಿಟ್‌ನ ವಾಪಸಾತಿ ಭಾಗ ಇದ್ದರೆ ಜನವರಿಯಲ್ಲೇ ಫೈಲ್ ಮಾಡಿದರೂ ಫೆಬ್ರವರಿ ಮಧ್ಯದವರೆಗೆ ಇಡೀ ರಿಫಂಡನ್ನು ತಡೆಹಿಡಿಯಬೇಕೆಂದು 2015ರ ಪಾತ್ ಕಾಯ್ದೆ ಹೇಳುತ್ತದೆ. ಹೆಚ್ಚಿನವರಿಗೆ ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲಲ್ಲಿ ಬರುತ್ತದೆ. ಈ ನಡುವಿನ ಅವಸರಕ್ಕೆ ಮುಂಗಡ ಸಾಲ ಕೊಡುವ ಟ್ಯಾಕ್ಸ್ ಅಂಗಡಿಗಳಿವೆ. ನಿಮ್ಮದೇ ದುಡ್ಡು ಮೂರು ವಾರ ಮೊದಲು ಸಿಗಲಿ ಎಂದು ಅಲ್ಲಿ ತೆರುವ ಫೀಸು ಯಾವ ಲೆಕ್ಕದಲ್ಲೂ ಗಿಟ್ಟುವುದಿಲ್ಲ.

ಮಗುವಿನ ನಂಬರನ್ನು ಈಗಾಗಲೇ ಯಾರೋ ಬಳಸಿದ್ದಾರೆ ಎಂದು ರಿಟರ್ನ್ ತಿರಸ್ಕೃತವಾದರೆ ಐಆರ್‌ಎಸ್ ಖಾತೆಯಿಂದ ಆರು ಅಂಕಿಯ ಐಪಿ ಪಿನ್ (ಗುರುತು ಕಾಯುವ ಗುಪ್ತ ಸಂಖ್ಯೆ) ಪಡೆದು ಮತ್ತೆ ಇ-ಫೈಲ್ ಮಾಡಬಹುದು. 5071ಸಿ ಎಂಬ ಪತ್ರ ಬಂದರೆ ಅದು ನೀವು ನೀವೇ ಎಂದು ಖಚಿತಪಡಿಸಲು. ಅದರಲ್ಲಿ ಹೇಳಿದಂತೆ ಮಾಡುವವರೆಗೆ ರಿಫಂಡ್ ಅಲ್ಲಾಡುವುದಿಲ್ಲ. ಬೇರೆ ನೋಟಿಸ್ ಬಂದರೆ ಪತ್ರ ಹಿಡಿದು ಅದೇ ಕೇಂದ್ರಕ್ಕೆ ಹೋಗಿ. ವಿವಾದ ದೊಡ್ಡದಾದರೆ ಲೋ ಇನ್‌ಕಮ್ ಟ್ಯಾಕ್ಸ್‌ಪೇಯರ್ ಕ್ಲಿನಿಕ್‌ಗಳು ಬಿಟ್ಟಿಯಾಗಿ ಅಥವಾ ಅಲ್ಪ ಶುಲ್ಕಕ್ಕೆ ನಿಮ್ಮ ಪರ ಐಆರ್‌ಎಸ್ ಮುಂದೆ ನಿಲ್ಲುತ್ತವೆ.

ಏಪ್ರಿಲ್ 15 ತಪ್ಪಿಹೋಗಿದ್ದರೂ ರಿಫಂಡ್ ಬರಬೇಕಾದವರು ಕೈಚೆಲ್ಲಬೇಕಿಲ್ಲ, ಕೇಳಲು ಮೂರು ವರ್ಷ ಕಾಲಾವಕಾಶ ಇದೆ. ಹಿಂದಿನ ವರ್ಷಗಳಲ್ಲಿ ಆದಾಯ ಕಡಿಮೆ ಎಂದು ರಿಟರ್ನನ್ನೇ ಹಾಕದವರು ಆ ಹಳೆಯ ಡಬ್ಲ್ಯೂ-2ಗಳನ್ನೂ ಫೋಲ್ಡರಿಗೆ ಸೇರಿಸಿಕೊಳ್ಳಿ. ಹಳೆಯ ವರ್ಷದ ರಿಟರ್ನ್‌ಗಳನ್ನೂ ಮಾಡಿಕೊಡುವ ಕೇಂದ್ರಗಳಿವೆ, ಮಾರ್ಚ್ ತಿಂಗಳ ಬಿಡುವಿನ ಮಧ್ಯಾಹ್ನಗಳಲ್ಲಿ ಅವರಿಗೂ ಪುರುಸೊತ್ತು ಇರುತ್ತದೆ.